ಓಡೋ ನಾಯಿಗೆ ಬೇಸಿಗೇಲಿ ಕೂದ್ಲು ಬೋಳಿಸ್ಬೇಕಾ? ನಮ್ ಭೀಮ ನಾಲ್ಕನೇ ಕಿಲೋಮೀಟರಿಗೇ ಕೂತ್ಬಿಡ್ತಾನೆ

ಕಾಲುವೆ_ಓಟ, ದಾವಣಗೆರೆ
ಏಪ್ರಿಲ್ 6, ರಾತ್ರಿ 9:12

ಎಲ್ರಿಗೂ ನಮಸ್ಕಾರ. ನನ್ ಹತ್ರ ಎರಡು ನಾಯಿ ಅದಾವೆ. ಒಂದು ಜರ್ಮನ್ ಶೆಫರ್ಡ್, ಭೀಮ ಅಂತ, ಮೂರು ವರ್ಷ, 36 ಕೆಜಿ, ಕುತ್ತಿಗೆ ಸುತ್ತ ಸಿಂಹದ್ ತರ ಕೂದ್ಲು. ಇನ್ನೊಂದು ಚುಕ್ಕಿ, ಪಕ್ಕಾ ನಾಟಿ, ನಮ್ಮ ಬೀದಿ ಬೆಣ್ಣೆ ದೋಸೆ ಹೋಟ್ಲು ಹಿಂದೆ ಹುಟ್ಟಿದ್ದು, ಮೈಮೇಲೆ ಕೂದ್ಲು ಐತೋ ಇಲ್ವೋ ಅನ್ನಂಗೆ ಅದಾಳೆ. ನಾನು ವಾರಕ್ಕೆ ನಾಲ್ಕು ದಿನ ಓಡ್ತೀನಿ, ಊರಾಚೆ ಭದ್ರಾ ಕಾಲುವೆ ದಂಡೆ ಹಿಡ್ಕೊಂಡು ಹೋಗಿ ವಾಪಸ್, 8 ಕಿಮೀ, ಭಾನುವಾರ ಮಾತ್ರ 10. ಚಳಿಗಾಲಕ್ಕೆ ಒಂದು ಹಾಫ್ ಮ್ಯಾರಥಾನ್ ಓಡ್ಬೇಕು ಅಂತ ಆಸೆ, ಅದಕ್ಕೇ ಈ ಎಲ್ಲಾ ಕಷ್ಟ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಭೀಮನೇ ಮುಂದೆ, ನನ್ನ ಎಳ್ಕೊಂಡು ಹೋಗೋನು. ಚುಕ್ಕಿ ಹಿಂದೆ ಮೂಸ್ಕೊಂಡು ಬರೋಳು. ಈಗ ಮಾರ್ಚ್ ಅರ್ಧ ಆದ್ಮೇಲೆ ಪೂರ್ತಿ ಉಲ್ಟಾ. ಹೊತ್ತು ಅದೇ, ಬೆಳಗ್ಗೆ 6:15ಕ್ಕೆ ಬಿಟ್ರೆ 7:15ಕ್ಕೆ ಮನೆ. ಆದ್ರೆ ನಾಲ್ಕನೇ ಕಿಲೋಮೀಟರ್ ಬರೋಷ್ಟರಲ್ಲಿ ಇವನ ನಾಲಿಗೆ ಒಂದು ಗೇಣು ಹೊರಗೆ ಬಂದಿರತ್ತೆ, ಪಕ್ಕಕ್ಕೆ ಜೋತು ಬಿದ್ದಿರತ್ತೆ, ಎಲ್ಲಿ ಹಸಿ ಮಣ್ಣು ಕಂಡ್ರೂ ಅಲ್ಲೇ ಹೊಟ್ಟೆ ಊರಿ ಮಲಗ್ಬಿಡ್ತಾನೆ, ಎಷ್ಟು ಕರದ್ರೂ ಏಳಲ್ಲ. ಚುಕ್ಕಿಗೆ ಏನೂ ಆಗಿಲ್ಲ, ಅವಳು ನಮ್ಮಿಬ್ರನ್ನೂ ನೋಡಿ "ಏನ್ರೋ ಇದು" ಅನ್ನಂಗೆ ನಿಂತಿರ್ತಾಳೆ.

ನಾಯಿ ಸ್ನಾನ ಮಾಡ್ಸೋ ಅಂಗಡಿಗೆ ಹೋದ್ರೆ ಅವ್ರು "ಸರ್ ಝೀರೋ ಮಷಿನ್ ಹೊಡೆದ್ಬಿಡ್ತೀವಿ, ಬೇಸಿಗೆ ಅಲ್ವಾ, 1200 ರೂಪಾಯಿ" ಅಂದ್ರು. ಅವ್ವ ಬೇಡ ಅಂತಾಳೆ, ದೇವ್ರು ಕೊಟ್ಟಿದ್ದು ಕೂದ್ಲು ನೀನ್ಯಾರು ತೆಗೆಯೋಕೆ ಅಂತ. ಬೆಂಗಳೂರಲ್ಲಿರೋ ಗೆಳೆಯ ಒಬ್ಬ ಫೋನಲ್ಲಿ ಹೇಳ್ತಾನೆ, ಮುಟ್ಲೇಬೇಡ, ಆ ಕೂದ್ಲೇ ನಾಯಿಗೆ ಏಸಿ ಇದ್ದಂಗೆ, ಬಿಸಿ ಒಳಗೆ ಬಿಡಲ್ಲ ಅಂತ. ನಂಗೆ ತಲೆಗೆ ಹೋಗ್ತಿಲ್ಲ. ಸ್ವೆಟರ್ ಹಾಕ್ಕೊಂಡು ಏಪ್ರಿಲ್‌ನಲ್ಲಿ ಓಡಿದ್ರೆ ತಂಪಾಗತ್ತೆ ಅಂದ್ರೆ ನಾನೂ ನಾಳೆಯಿಂದ ಸ್ವೆಟರ್ ಹಾಕ್ಕೊಂಡೇ ಓಡ್ತೀನಿ ಬಿಡ್ರಿ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಮಿರ್ಚಿ_ಮಂಡಕ್ಕಿ, ದಾವಣಗೆರೆ
ಏಪ್ರಿಲ್ 6, ರಾತ್ರಿ 9:40

ಇದ್ರಾಗೆ ಕೇಳೋದೇನೈತಿ ಗುರು, ಬೋಳ್ಸು. ನಾವು ಬೇಸಿಗೇಲಿ ಕಟಿಂಗ್ ಶಾಪ್‌ಗೆ ಹೋಗಿ ಮಷಿನ್ ಹೊಡ್ಸಲ್ವಾ, ಹಂಗೇ. ಕೂದ್ಲು ತಾನೇ, ಮತ್ತೆ ಬರ್ತೈತಿ.

ನಿಟ್ಟುವಳ್ಳಿ_ಪಾಮಿ
ಏಪ್ರಿಲ್ 6, ರಾತ್ರಿ 10:25

ಮಿರ್ಚಿ ಅಣ್ಣ, ಮತ್ತೆ ಬರತ್ತೆ ಅಂತ ನಾನೂ ಅನ್ಕೊಂಡಿದ್ದೆ. ಎರಡು ವರ್ಷದ ಹಿಂದೆ ನಮ್ಮ ಪೊಮೆರೇನಿಯನ್‌ಗೆ ಇದೇ ಝೀರೋ ಮಷಿನ್ ಹೊಡಿಸಿದೆ, ಮೇ ತಿಂಗಳು, ನೋಡೋಕಾಗ್ತಿರ್ಲಿಲ್ಲ ಪಾಪ ಅಂತ. ಹೊಡಿಸಿದ್ಮೇಲೆ ಒಂದು ವಾರ ಗುಂಡಗೆ ಹಂದಿಮರಿ ತರ ಓಡಾಡ್ಕೊಂಡಿದ್ಲು, ಖುಷಿಯಾಯ್ತು. ಆಮೇಲೆ ಟೆರೇಸ್ ಮೇಲೆ ಬಿಸಿಲಿಗೆ ಹೋಗಿ ಬಂದು ಬೆನ್ನೆಲ್ಲಾ ಕೆಂಪಗೆ, ಸಿಪ್ಪೆ ಏಳೋಕೆ ಶುರು. ಕೂದ್ಲು ಕಾಲಿಗೆ ಬಂತು, ತಲೆಗೆ ಬಂತು, ಬೆನ್ನ ಮೇಲೆ ಮಾತ್ರ ವರ್ಷ ದಾಟಿದ್ರೂ ತೇಪೆ ತೇಪೆ. ಬಂದಿದ್ದೂ ಮೊದಲಿನ ತರ ಇಲ್ಲ, ಒಳಗಿನ ಹತ್ತಿಯಂಥದ್ದೇ ಜಾಸ್ತಿ, ಮೇಲಿನ ನುಣುಪು ಕೂದ್ಲೇ ಇಲ್ಲ. ಡಾಕ್ಟ್ರು ಹೇಳಿದ್ದು ಎರಡು ಪದರ ಕೂದ್ಲಿರೋ ನಾಯಿಗಳಿಗೆ ಬುಡಕ್ಕೆ ಬೋಳಿಸಿದ್ರೆ ಕೆಲವಕ್ಕೆ ಹಿಂಗಾಗತ್ತೆ, ಎಲ್ಲಕ್ಕೂ ಆಗಲ್ಲ, ಯಾವುದಕ್ಕೆ ಆಗತ್ತೆ ಅಂತ ಮೊದ್ಲೇ ಹೇಳೋಕಾಗಲ್ಲ ಅಂತ. ಜರ್ಮನ್ ಶೆಫರ್ಡ್‌ದೂ ಎರಡು ಪದರಾನೇ. ಯೋಚ್ನೆ ಮಾಡಿ.

ದನದ_ಡಾಕ್ಟ್ರು, ಜಗಳೂರು
ಏಪ್ರಿಲ್ 7, ಬೆಳಗ್ಗೆ 6:50

ತಮ್ಮ, ನಾನು ಮೂವತ್ತು ವರ್ಷ ಪಶು ಆಸ್ಪತ್ರೇಲಿ ಕೆಲಸ ಮಾಡಿ ರಿಟೈರ್ ಆದೋನು. ನೋಡಿದ್ದು ಬರೀ ದನ, ಎಮ್ಮೆ, ಕುರಿ, ನಾಯಿ ಕಮ್ಮಿ. ಆದ್ರೂ ಮೈ ಕಾವು ಅನ್ನೋದು ಎಲ್ಲಕ್ಕೂ ಒಂದೇ ಲೆಕ್ಕ, ಹೇಳ್ತೀನಿ ಕೇಳು. ನಿನ್ ಬೆಂಗಳೂರು ಗೆಳೆಯ ಹೇಳಿದ್ದೂ ಸುಳ್ಳಲ್ಲ, ಅಂಗಡಿಯೋನ ಮಾತಲ್ಲೂ ಒಂದೆಳೆ ನಿಜ ಐತೆ. ಇಬ್ರೂ ಬೇರೆ ಬೇರೆ ಹೊತ್ತಿನ ನಾಯಿ ಬಗ್ಗೆ ಮಾತಾಡ್ತಿದಾರೆ ಅಷ್ಟೇ.

ನಮ್ಮ ಕಡೆ ಹಳೇ ಮಾಳಿಗೆ ಮನೆ ನೋಡಿದೀಯಲ್ಲ, ಒಂದೂವರೆ ಮೊಳ ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ 40 ಡಿಗ್ರಿ ಹೊಡೀತಿದ್ರೂ ಮಧ್ಯಾಹ್ನ ಒಳಗೆ ತಣ್ಣಗೆ. ಯಾಕೆ, ಹೊರಗಿನ ಬಿಸಿ ಒಳಗೆ ಬರೋಕೆ ಗೋಡೆ ಬಿಡಲ್ಲ. ಈಗ ಅದೇ ಮನೆ ಒಳಗೆ ನಾಲ್ಕು ಒಲೆ ಹೊತ್ತಿಸಿ ಬಾಗ್ಲು ಹಾಕು. ಗೋಡೆ ಈಗ ಏನ್ಮಾಡತ್ತೆ? ಒಳಗಿನ ಬಿಸಿ ಹೊರಗೆ ಹೋಗೋಕೂ ಬಿಡಲ್ಲ. ಗೋಡೆಗೆ ಒಳಗೆ ಹೊರಗೆ ಅನ್ನೋ ಭೇದ ಇಲ್ಲ. ನಾಯಿ ಕೂದ್ಲೂ ಹಂಗೇ, ಅದು ತಂಪೂ ಮಾಡಲ್ಲ ಬಿಸಿನೂ ಮಾಡಲ್ಲ, ಕೂದ್ಲು ಸಂದಿನಲ್ಲಿ ಗಾಳಿ ಹಿಡಿದಿಟ್ಕೊಂಡು ಅಡ್ಡ ನಿಲ್ಲತ್ತೆ. ಬಿಸಿಲಲ್ಲಿ ಸುಮ್ನೆ ನಿಂತಿರೋ ನಾಯಿಗೆ ಬಿಸಿ ಬರೋದು ಹೊರಗಿಂದ, ಅಲ್ಲಿ ಕೂದ್ಲು ಕಾಯತ್ತೆ. 1950ರ ದಶಕದಲ್ಲಿ ಶ್ಮಿಟ್ ನೀಲ್ಸನ್ ಅನ್ನೋ ವಿಜ್ಞಾನಿ ಸಹಾರಾ ಮರುಭೂಮೀಲಿ ಒಂಟೆ ಕೂದ್ಲು ಕತ್ತರಿಸಿ ನೋಡಿದ, ಕತ್ತರಿಸಿದ ಒಂಟೆಗೆ ತಂಪಾಗೋದಿರ್ಲಿ, ಕೂದ್ಲಿರೋ ಒಂಟೆಗಿಂತ ಸುಮಾರು ಅರ್ಧದಷ್ಟು ಹೆಚ್ಚು ನೀರು ಕಳ್ಕೊಂತು. ನಿನ್ನ ಗೆಳೆಯ ಹೇಳೋ ಏಸಿ ಇದೇ.

ಆದ್ರೆ ನಿನ್ ಭೀಮ ಬೆಳಗ್ಗೆ ಆರೂವರೆಗೆ ಓಡ್ತಾನೆ. ಆಗ ಬಿಸಿಲೆಲ್ಲಿ? ಅವನ ಬಿಸಿ ಪೂರ್ತಿ ಒಳಗಿನ ಒಲೆದು. ಸ್ನಾಯು ಕೆಲಸ ಮಾಡಿದಾಗ ಖರ್ಚಾಗೋ ಶಕ್ತೀಲಿ ಕಾಲು ಭಾಗ ಓಟಕ್ಕೆ ಹೋದ್ರೆ ಹೆಚ್ಚು, ಉಳಿದ ಮುಕ್ಕಾಲು ಬರೀ ಕಾವು. 36 ಕೆಜಿ ನಾಯಿ ಒಂದು ಗಂಟೆ ಓಡಿದ್ರೆ ಆ ಕಾವು ಎಲ್ಲಿಗೆ ಹೋಗ್ಬೇಕು. ಡಿಸೆಂಬರ್‌ನಲ್ಲಿ ಗಾಳಿ ತಣ್ಣಗಿತ್ತು, ಗೋಡೆ ಇದ್ರೂ ಸೋರಿ ಹೋಗ್ತಿತ್ತು. ಈಗ ಹೋಗ್ತಿಲ್ಲ. ಅದಕ್ಕೇ ಅವನು ಹಸಿ ಮಣ್ಣಿಗೆ ಹೊಟ್ಟೆ ಊರೋದು, ಹೊಟ್ಟೆ ಹತ್ರ ತೊಡೆ ಸಂದಲ್ಲಿ ಕೂದ್ಲು ತೆಳು ನೋಡು, ಗೋಡೇಲಿ ಕಿಟಕಿ ಇದ್ದಂಗೆ. ಅವನಿಗೆ ನಿನಗಿಂತ ಚೆನ್ನಾಗಿ ಗೊತ್ತೈತೆ.

ಇನ್ನೊಂದು, ನಮಗೆ ಮೈಯೆಲ್ಲಾ ಬೆವರು, ನಾಯಿಗೆ ಮೈ ತಂಪು ಮಾಡೋವಂಥ ಬೆವರು ಇಲ್ಲ, ಅಂಗಾಲಲ್ಲಿ ಒಂಚೂರು ಪಸೆ ಅಷ್ಟೇ, ಅದು ಲೆಕ್ಕಕ್ಕಿಲ್ಲ. ಅದರ ಮುಖ್ಯ ಗವಾಕ್ಷಿ ಬಾಯಿ ಮೂಗು. ತೇಕೋದಂದ್ರೆ ಸುಸ್ತಾಗಿ ಉಸಿರಾಡೋದು ಅನ್ಕೊಂಡ್ರೆ ತಪ್ಪು. ಅದೇ ಶ್ಮಿಟ್ ನೀಲ್ಸನ್ ಮತ್ತೆ ಜೊತೆಯೋರು 1970ರಲ್ಲಿ ತೋರಿಸಿದ್ರು, ತೇಕೋ ನಾಯಿ ಗಾಳಿ ಎಳ್ಕೊಳ್ಳೋದು ಮೂಗಿಂದ, ಬಿಡೋದು ಬಹುಪಾಲು ಬಾಯಿಂದ. ಒಳಗೆ ಹೋದ ಗಾಳಿ ಮೂಗಿನೊಳಗಿನ ಒದ್ದೆ ಚರ್ಮದ ಮೇಲೆ ಹಾದು ನೀರು ಆವಿಯಾಗಿಸಿ ರಕ್ತ ತಂಪು ಮಾಡತ್ತೆ, ಆ ಬಿಸಿ ಹಬೆ ಬಾಯಿಂದ ಹೊರಗೆ. ಮೂಗಿಂದಾನೇ ವಾಪಸ್ ಬಿಟ್ಟಿದ್ರೆ ಕೊಟ್ಟ ಬಿಸೀಲಿ ಒಂದಷ್ಟು ವಾಪಸ್ ಕಿತ್ಕೊಳ್ತಿತ್ತು. ನಿಮಿಷಕ್ಕೆ ಮುನ್ನೂರು ಸಲದ ತನಕ ಹಂಗೆ ತೇಕತ್ತೆ, ಎದೆಗೂಡು ಸ್ಪ್ರಿಂಗ್ ತರ ಅದರದ್ದೇ ತಾಳಕ್ಕೆ ಕುಣಿಯೋದ್ರಿಂದ ಅದಕ್ಕೆ ಹೆಚ್ಚು ಶಕ್ತಿನೂ ಬೇಕಾಗಲ್ಲ. ಎಂಥಾ ಯಂತ್ರ ಮಾರಾಯ.

ಸೊಸೆ ಕಾಫಿಗೆ ಕರೀತಿದಾಳೆ, ಉಳಿದಿದ್ದು ಆಮೇಲೆ.

ಕಾಲುವೆ_ಓಟ
ಏಪ್ರಿಲ್ 7, ಬೆಳಗ್ಗೆ 8:05

ಸರ್ ಥ್ಯಾಂಕ್ಸ್, ಮಾಳಿಗೆ ಮನೆ ಲೆಕ್ಕ ಪಕ್ಕಾ ಅರ್ಥ ಆಯ್ತು. ಆದ್ರೆ ಹಂಗಿದ್ರೆ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯ್ತಲ್ಲ ಸರ್. ನಾನು ಅವನನ್ನ ಬಿಸಿಲಲ್ಲಿ ನಿಲ್ಲಿಸ್ತಿಲ್ಲ, ಬಿಸಿಲಿಲ್ದೇ ಇರೋ ಹೊತ್ತಲ್ಲಿ ಓಡಿಸ್ತಿದೀನಿ. ಒಲೆ ಒಳಗೆ ಉರೀತೈತಿ, ಗೋಡೆ ಅಡ್ಡ ಐತಿ. ಅಂದ್ಮೇಲೆ ಗೋಡೆ ಒಡೆಯೋದೇ ಸರಿ ಆಗಲ್ವಾ? ಮಿರ್ಚಿ ಮಂಡಕ್ಕಿ ಹೇಳಿದ್ದೇ ಗೆದ್ದಂಗಾಯ್ತಲ್ಲ.

ಮಿರ್ಚಿ_ಮಂಡಕ್ಕಿ
ಏಪ್ರಿಲ್ 7, ಬೆಳಗ್ಗೆ 8:11

ನಾನ್ ಹೇಳ್ಲಿಲ್ವಾ 😎

ದನದ_ಡಾಕ್ಟ್ರು, ಜಗಳೂರು
ಏಪ್ರಿಲ್ 7, ಮಧ್ಯಾಹ್ನ 12:30

ಪ್ರಶ್ನೆ ಸರಿಯಾಗೇ ಕೇಳಿದೀಯ, ಜಾರಿಸಿ ಹೇಳಲ್ಲ. ಬರೀ ಓಟದ ಒಂದು ಗಂಟೆ ಹಿಡ್ಕೊಂಡ್ರೆ ತೆಳು ಕೂದ್ಲಿನ ನಾಯಿಗೇ ಲಾಭ, ಅದ್ರಲ್ಲಿ ಎರಡು ಮಾತಿಲ್ಲ. ದೂರ ಓಡಿ ಬೇಟೆ ಆಡೋ ಆಫ್ರಿಕಾದ ಕಾಡುನಾಯಿ ನೋಡು, ಅದಕ್ಕೆ ಒಳತುಪ್ಪಳವೇ ಇಲ್ಲ, ಬರೀ ಬಿರುಸು ಕೂದ್ಲು, ವಯಸ್ಸಾದಂಗೆ ಅದೂ ಉದುರಿ ಚರ್ಮ ಕಾಣತ್ತೆ. 1971ರಲ್ಲಿ ಅದನ್ನ ಸಾಕು ನಾಯಿ ಜೊತೆ ಓಡಿಸಿ ಅಳೆದಾಗ ಕಾಡುನಾಯಿ ಮೈ ಕಾವು 41 ಡಿಗ್ರಿ ಸೆಲ್ಸಿಯಸ್ ದಾಟೋಕೆ ಬಿಟ್ಟುಕೊಡ್ತಿತ್ತು, ಮೈ ಅಷ್ಟು ಬಿಸಿ ಇದ್ದಾಗ ತೆಳು ಕೂದ್ಲು ದಾಟಿ ಕಾವು ತಾನಾಗೇ ಗಾಳಿಗೆ ಹರಿಯತ್ತೆ, ಹಂಗಾಗಿ ತೇಕಿ ನೀರು ಖಾಲಿ ಮಾಡೋದು ಸಾಕು ನಾಯಿಗಿಂತ ಕಮ್ಮಿ. ನಿನ್ನ ಚುಕ್ಕಿ ಅದೇ ಜಾತಿ ಅಲ್ಲ, ಆದ್ರೆ ಅದೇ ದಾರಿ.

ಇನ್ನೊಂದು ತುದಿಗೆ ಅಲಾಸ್ಕಾ. ಅಲ್ಲಿ ಇಡಿಟರಾಡ್ ಅಂತ ಹಿಮದ ಮೇಲೆ ಗಾಡಿ ಎಳೆಯೋ ನಾಯಿಗಳ ರೇಸ್, ಹತ್ತತ್ರ 1,600 ಕಿಲೋಮೀಟರ್. ಅಲ್ಲಿ ಸೊನ್ನೆ ಡಿಗ್ರಿ ಹತ್ರ ಬಂದ್ರೇ ನಾಯಿಗೆ ಸೆಕೆ, ಹಗಲು ಮಲಗಿಸಿ ರಾತ್ರಿ ಓಡಿಸ್ತಾರೆ. ಮಜಾ ಏನಂದ್ರೆ ಗೆಲ್ಲೋಕೆ ಬೆಳೆಸಿರೋ ಅಲಾಸ್ಕನ್ ಹಸ್ಕಿಗೆ ಫೋಟೋದಲ್ಲಿ ನೋಡೋ ಸೈಬೀರಿಯನ್ ಹಸ್ಕಿಯಷ್ಟು ಕೂದ್ಲಿಲ್ಲ. ದಪ್ಪ ಕೂದ್ಲು ಓಟಕ್ಕೆ ಅಡ್ಡಿ ಅಂತ ಅಂಥದ್ದನ್ನೇ ಆರಿಸ್ಕೊಂಡು ಬಂದ್ರು. ಮತ್ತೆ ಚಳಿಗೆ? ನಿಲ್ಲಿಸಿದ ಕೂಡ್ಲೇ ಜಾಕೆಟ್ ಹಾಕ್ತಾರೆ. ಅಂದ್ರೆ ಓಡುವಾಗ ಬಿಚ್ಚಿಡೋ, ಮಲಗುವಾಗ ಹಾಕೋ ಕೂದ್ಲು ಇದ್ರೆ ಚೆನ್ನ.

ಭೀಮನಿಗೆ ಬಿಚ್ಚಿಟ್ಟು ಹಾಕೋಕಾಗಲ್ಲ. ಒಂದು ಗಂಟೆ ಓಟಕ್ಕೆ ಬೋಳಿಸಿದ್ರೆ ಉಳಿದ ಇಪ್ಪತ್ಮೂರು ಗಂಟೆ ದಾವಣಗೆರೆ ಏಪ್ರಿಲ್ ಬಿಸಿಲು, ಸೊಳ್ಳೆ, ಉಣ್ಣೆಹುಳ ಎಲ್ಲ ಅವನ ಚರ್ಮಕ್ಕೆ ನೇರ. ಪಾಮಿ ತಂಗಿ ಹೇಳಿದ್ದು ಕೇಳಿದ್ಯಲ್ಲ. ಮತ್ತೆ ಬೆನ್ನಿನ ಕೂದ್ಲು ತೆಗೆದ್ರೂ ಸಿಗೋ ಲಾಭ ನೀನು ಅನ್ಕೊಂಡಷ್ಟಿಲ್ಲ, ಗಾಳಿನೇ 28 ಡಿಗ್ರಿ ಇದ್ದಾಗ ಚರ್ಮದಿಂದ ಗಾಳಿಗೆ ಹೋಗೋ ಕಾವು ಕಮ್ಮಿ, ಬಾಯಿ ಕೆಲಸವೇ ದೊಡ್ಡದು.

ಮಾಡ್ಬೇಕಾದ್ದು ಮಧ್ಯದ್ದು. ಗೋಡೆ ಒಡೀಬೇಡ, ಗೋಡೆಗೆ ತುಂಬಿರೋ ಹತ್ತಿ ತೆಗಿ. ಜರ್ಮನ್ ಶೆಫರ್ಡ್‌ಗೆ ಚಳಿಗಾಲದ ಒಳತುಪ್ಪಳ ಈಗ ಉದುರೋ ಕಾಲ. ಅದು ಬುಡದಲ್ಲಿ ಸತ್ತಿರತ್ತೆ, ಆದ್ರೆ ಮೇಲಿನ ಕೂದ್ಲಿಗೆ ಸಿಕ್ಕಾಕ್ಕೊಂಡು ಹೊರಗೆ ಬಿದ್ದಿರಲ್ಲ, ಗಂಟು ಗಂಟಾಗಿ ಕಂಬಳಿ ತರ ಕೂತಿರತ್ತೆ. ಉದ್ದ ಹಲ್ಲಿನ ಬಾಚಣಿಗೆ ತಗೊಂಡು ದಿನಾ ಬಾಚು, ಬುಡದಿಂದ, ತೊಡೆ ಹಿಂದೆ ಕುತ್ತಿಗೆ ಕೆಳಗೆ ವಿಶೇಷವಾಗಿ. ಉದ್ದ ಮೇಲ್ಗೂದಲು ಬಿಸಿಲಿಗೆ ಕೊಡೆ, ಅದಿರ್ಲಿ. ಕೆಳಗಿಂದ ಗಾಳಿ ಆಡ್ಲಿ. ಹೊಟ್ಟೆ ಕೆಳಗಿನ ಕೂದ್ಲು ಬೇಕಾದ್ರೆ ಕತ್ತರೀಲಿ ಒಂದಿಷ್ಟು ಚಿಕ್ಕದು ಮಾಡು, ಅಲ್ಲಿಗೆ ಬಿಸಿಲು ಬೀಳಲ್ಲ.

ಚಳ್ಳಕೆರೆ_ಮೇಷ್ಟ್ರು
ಏಪ್ರಿಲ್ 7, ಸಂಜೆ 7:48

ಡಾಕ್ಟ್ರು ಕಂಬಳಿ ಅಂದಿದ್ದಕ್ಕೆ ನಾನೂ ಬಾಯಿ ಹಾಕ್ತೀನಿ. ನಮ್ದು ಕುರಿ ಕಾಯೋ ಮನೆತನ, ನಾನೊಬ್ನೇ ತಪ್ಪಿಸ್ಕೊಂಡು ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತಾ ಇದೀನಿ. ನಮ್ಮಪ್ಪ ಏಪ್ರಿಲ್ ಬಿಸಿಲಲ್ಲೂ ಕರೀ ಕಂಬಳಿ ಕೊಪ್ಪೆ ಹಾಕ್ಕೊಂಡು ಕಾವಲ್‌ನಾಗೆ ನಿಲ್ಲೋರು. ಸಣ್ಣೋನಿದ್ದಾಗ ನಾನು ನಗ್ತಿದ್ದೆ. ಕಾಲೇಜಲ್ಲಿ ಇದ್ದಾಗ ಒಂದು ಲೇಖನ ಸಿಕ್ತು, 1980ರಲ್ಲಿ ನೇಚರ್ ಪತ್ರಿಕೇಲಿ ಬಂದಿದ್ದು, ಮರುಭೂಮಿಯ ಬೆಡೂಯಿನ್ ಜನ ಯಾಕೆ ಕಪ್ಪು ನಿಲುವಂಗಿ ಹಾಕ್ತಾರೆ ಅಂತ. ಕಪ್ಪು ಬಟ್ಟೆ ಬಿಸಿಲು ಜಾಸ್ತಿ ಹೀರತ್ತೆ ನಿಜ, ಆದ್ರೆ ಆ ಹೆಚ್ಚಿನ ಬಿಸಿ ಬಟ್ಟೆ ಮೇಲೇ ಉಳಿದು ಗಾಳಿಗೆ ಹೋಗತ್ತೆ, ಚರ್ಮದ ತನಕ ಬರಲ್ಲ, ಬಿಳಿ ಹಾಕಿದೋನ ಚರ್ಮಕ್ಕೂ ಕಪ್ಪು ಹಾಕಿದೋನ ಚರ್ಮಕ್ಕೂ ವ್ಯತ್ಯಾಸ ಕಾಣ್ಲಿಲ್ಲ. ಅಪ್ಪಂಗೆ ಓದಿ ಹೇಳಿದ್ರೆ "ಇದುನ್ನ ತಿಳ್ಕಳಾಕೆ ಕಾಲೇಜಿಗೆ ಹೋದ್ಯೇನಲೇ" ಅಂದ್ರು.

ಇದ್ಯಾಕೆ ಹೇಳ್ದೆ ಅಂದ್ರೆ ಭೀಮನ ಬೆನ್ನು ಕಪ್ಪಿರತ್ತಲ್ಲ, ಕಪ್ಪು ನಾಯಿಗೆ ಬಿಸಿಲು ಜಾಸ್ತಿ ಅಂತ ಮುಂದೆ ಯಾರಾದ್ರೂ ಬಂದು ಹೇಳ್ತಾರೆ. ಕಪ್ಪು ಲ್ಯಾಬ್ರಡಾರ್ (ಲ್ಯಾಬ್) ಹಳದಿ ಲ್ಯಾಬ್ ಎರಡನ್ನೂ ಬಿಸಿಲಲ್ಲಿ ಇಟ್ಟು ನಡೆಸಿ ಅಳೆದಿರೋರು ಇದಾರೆ, ಮೈ ಒಳಗಿನ ತಾಪದಲ್ಲಿ ಬಣ್ಣದಿಂದ ಫರಕು ಸಿಗ್ಲಿಲ್ಲ. ಮುಟ್ಟಿದ್ರೆ ಕೈ ಸುಡತ್ತೆ, ಅದು ಕೂದ್ಲು ತುದಿಯ ಬಿಸಿ.

ಆದ್ರೆ ನೆನಪಿಟ್ಕಳ್ಳಿ, ಅಪ್ಪ ಕಂಬಳಿ ಹಾಕ್ಕೊಂಡು ನಿಲ್ತಿದ್ರು, ಓಡ್ತಿರ್ಲಿಲ್ಲ. ಕುರಿ ತಪ್ಪಿಸ್ಕೊಂಡು ಯಾರ್ದೋ ಹೊಲಕ್ಕೆ ನುಗ್ಗಿದ್ರೆ ಮೊದ್ಲು ಕಂಬಳಿ ಕಿತ್ತು ಬಿಸಾಕಿ ಆಮೇಲೆ ಓಡೋರು. ಡಾಕ್ಟ್ರು ಹೇಳಿದ ಅಲಾಸ್ಕಾ ಜಾಕೆಟ್ ಲೆಕ್ಕ ನಮ್ಮಪ್ಪಂಗೆ ಗೊತ್ತಿತ್ತು ಅಂತಾಯ್ತು.

ಕುರಿ ಉಣ್ಣೆ ವರ್ಷಕ್ಕೆ ಎರಡು ಸಲ ಕತ್ತರಿಸ್ತೀವಿ. ಕತ್ತರಿಸಿದ ಹೊಸದ್ರಲ್ಲಿ ಮಧ್ಯಾಹ್ನದ ಬಿಸಿಲು ಅವಕ್ಕೆ ತಡೆಯಲ್ಲ, ಒಂದರ ಹೊಟ್ಟೆ ನೆರಳಿಗೆ ಇನ್ನೊಂದು ತಲೆ ತೂರಿಸ್ಕೊಂಡು ಗುಂಪಾಗಿ ನಿಂತ್ಬಿಡ್ತಾವೆ. ಜೊತೆಗಿರೋ ನಮ್ಮ ನಾಯಿಗಳು ಆ ಹೊತ್ತಲ್ಲಿ ಕೆಲಸಾನೇ ಮಾಡಲ್ಲ. ಜಾಲಿ ಮರದ ಬುಡ ಕೆರೆದು ಮೇಲಿನ ಬಿಸಿ ಮಣ್ಣು ಎಸೆದು ಕೆಳಗಿನ ತಣ್ಣನೆ ಮಣ್ಣಿಗೆ ಹೊಟ್ಟೆ ಕೊಟ್ಟು ಮಲಗ್ತಾವೆ. ನಾಲ್ಕು ಗಂಟೆ ಮೇಲೆ ಏಳ್ತಾವೆ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ನಡೆಯೋ ನಾಯಿಗಳು ಅವು, ಒಂದೂ ಬಿಸಿಲಿಗೆ ಬಿದ್ದಿದ್ದು ನಾನು ಕಂಡಿಲ್ಲ, ಯಾಕಂದ್ರೆ ಬಾ ಅಂತ ಹಗ್ಗ ಹಿಡಿದು ಎಳೆಯೋರು ಯಾರೂ ಇಲ್ಲ. ತಪ್ಪು ತಿಳೀಬೇಡಿ ಓಟದ ಅಣ್ಣ.

ದುರ್ಗದ_ಗಾಳಿ, ಚಿತ್ರದುರ್ಗ
ಏಪ್ರಿಲ್ 7, ರಾತ್ರಿ 11:20

ಮೇಷ್ಟ್ರು ಕೊನೇಲಿ ಹೇಳಿದ್ದು ಓದಿ ಬರೀಬೇಕು ಅನ್ನಿಸ್ತು, ಇಲ್ಲಾಂದ್ರೆ ಸುಮ್ನೆ ಓದ್ಕೊಂಡು ಮಲಗ್ತಿದ್ದೆ. ನಾಲ್ಕು ವರ್ಷದ ಹಿಂದೆ ನನ್ ಹತ್ರ ಲ್ಯಾಬ್ ಇತ್ತು, ಸ್ವಲ್ಪ ದಪ್ಪ ಆಗಿದ್ದ, ಕರಗಿಸೋಣ ಅಂತ ಸ್ಕೂಟರ್ ಪಕ್ಕ ಓಡಿಸ್ಕೊಂಡು ಜೋಗಿಮಟ್ಟಿ ರಸ್ತೆ ಕಡೆ ಹೋಗಿದ್ದೆ. ಏಪ್ರಿಲ್ ಕೊನೆ, ಬೆಳಗ್ಗೆ ಎಂಟೂವರೆ, ನಮ್ಮೂರಲ್ಲಿ ಗಾಳಿ ಯಾವಾಗ್ಲೂ ಬೀಸ್ತಿರತ್ತೆ, ನಂಗೆ ಸೆಕೆನೇ ಅನ್ನಿಸ್ಲಿಲ್ಲ. ಅದೇ ಮೋಸ. ಗಾಳಿ ನನ್ನ ಬೆವರು ಒಣಗಿಸ್ತಿತ್ತು, ಅವನಿಗೆ ಒಣಗಿಸೋಕೆ ಬೆವರಿಲ್ಲ. ಲ್ಯಾಬ್ ಕೂದ್ಲು ಗಿಡ್ಡ ಅಂತ ಕಂಡ್ರೂ ಒಳಗೆ ಒತ್ತು, ನೀರಲ್ಲಿ ಬಿದ್ದು ಕೆಲಸ ಮಾಡೋಕೆ ಅಂತ ಮಾಡಿದ ಜಾತಿ, ಗಾಳಿನೂ ಒಳಗೆ ಹೋಗಲ್ಲ ನೀರೂ ಬೇಗ ಹೋಗಲ್ಲ. ಮತ್ತೆ ಲ್ಯಾಬ್‌ಗೆ ನಿಲ್ಲೋದು ಗೊತ್ತಿಲ್ಲ, ಒಡೆಯ ಓಡಿಸಿದಷ್ಟೂ ಓಡತ್ತೆ.

ಮನೆ ಹತ್ರ ಬಂದಾಗ ಹಿಂಗಾಲು ತೊಡರೋಕೆ ಶುರು ಆಯ್ತು, ಕುಡಿದೋರ ತರ. ವಸಡು ಇಟ್ಟಿಗೆ ಬಣ್ಣ. ವಾಂತಿ. ನಾನು ಗೋಣಿಚೀಲ ನೀರಲ್ಲಿ ಅದ್ದಿ ಮೈಮೇಲೆ ಹೊದಿಸಿ ಕಾರಲ್ಲಿ ಹಾಕ್ಕೊಂಡು ಓಡಿದೆ. ದಾರೀಲಿ ಇಪ್ಪತ್ತು ನಿಮಿಷ. ಅಲ್ಲಿ ಥರ್ಮಾಮೀಟರ್ ಇಟ್ರೆ 108 ಫ್ಯಾರನ್‌ಹೀಟ್. ಡಾಕ್ಟ್ರು ಬೈಲಿಲ್ಲ, ಗೋಣಿಚೀಲ ತೆಗೆದು ಎಸೆದ್ರು, ಒದ್ದೆ ಚೀಲ ಐದು ನಿಮಿಷಕ್ಕೆ ಮೈ ಬಿಸಿ ಹಿಡ್ಕೊಂಡು ಹಬೆ ಕಂಬಳಿ ಆಗತ್ತೆ, ಅದ್ರ ಬದ್ಲು ಮನೇಲೇ ಹತ್ತು ನಿಮಿಷ ಕೊಳಾಯಿ ನೀರು ಸುರಿದು ಫ್ಯಾನ್ ಹಾಕಿ ಆಮೇಲೆ ಬರ್ಬೇಕಿತ್ತು ಅಂದ್ರು. ಎರಡು ದಿನ ಬದುಕಿದ್ದ, ಅಷ್ಟೇ.

ಅದಾದ್ಮೇಲೆ ಸಿಕ್ಕಿದ್ದೆಲ್ಲಾ ಓದಿದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2020ರಲ್ಲಿ ಬರೆದಿದ್ದು ಒಂದಿದೆ, ಬಿಸಿಲು ಹೊಡೆದು ಆಸ್ಪತ್ರೆಗೆ ಬಂದ ನಾಯಿಗಳಲ್ಲಿ ಮುಕ್ಕಾಲು ಪಾಲಿನಷ್ಟಕ್ಕೆ ಕಾರಣ ಓಟ ಆಟ ವಾಕಿಂಗು, ಬಾಗ್ಲು ಹಾಕಿದ ಕಾರಲ್ಲ. ಅದೂ ಇಂಗ್ಲೆಂಡಿನ ಬಿಸಿಲಲ್ಲಿ! ಮೊದ್ಲು ತಂಪು ಮಾಡು ಆಮೇಲೆ ಸಾಗಿಸು ಅನ್ನೋದು ಅವರ ಮಾತು. ನೀರು ಐಸ್ ಆಗಿರ್ಬೇಕು ಅಂತಿಲ್ಲ, ನಾಯಿ ಮೈಗಿಂತ ತಂಪಿರೋ ಯಾವ ನೀರಾದ್ರೂ ಸರಿ, ಚರ್ಮಕ್ಕೆ ಮುಟ್ಬೇಕು, ಗಾಳಿ ಆಡ್ಬೇಕು. ದಪ್ಪ ಕೂದ್ಲಿನ ನಾಯಿಗೆ ಬೆನ್ನ ಮೇಲೆ ಒಂದು ಮಗ್ ಸುರಿದ್ರೆ ನೀರು ಜಾರಿ ಕೆಳಗೆ ಹೋಗತ್ತೆ, ಒಳಗೆ ಒಣಗೇ ಇರತ್ತೆ. ಬೆರಳು ಹಾಕಿ ಕೂದ್ಲು ಬಿಡಿಸಿ ಸುರೀಬೇಕು, ಇಲ್ಲಾ ಹೊಟ್ಟೆ, ಕಂಕುಳ, ತೊಡೆ ಸಂದಿಗೆ ಹಾಕ್ಬೇಕು.

ಈಗ ನನ್ ಹತ್ರ ಮುಧೋಳ ಐತೆ. ಎಲ್ರೂ ಸ್ಪೀಡ್ ಸ್ಪೀಡ್ ಅಂತಾರೆ, ನಾನು ನೋಡೋದು ಬೇರೆ. ಬಾಗಲಕೋಟೆ ಕಡೆ ಬಿಸಿಲಲ್ಲಿ ತಲೆಮಾರುಗಳಿಂದ ಮೊಲದ ಹಿಂದೆ ಓಡ್ಕೊಂಡು ಬಂದಿರೋ ನಾಯಿ, ಕೂದ್ಲು ವೆಲ್ವೆಟ್ ತರ ತೆಳು, ಚರ್ಮ ತೆಳು, ಮೈ ಉದ್ದ ಸಪೂರ, ಒಳಗೆ ಕಾವು ಕೂರೋಕೆ ಜಾಗವೇ ಇಲ್ಲ. ಮುಧೋಳದ ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ಕೊಟ್ರಂತೆ, 2005ರಲ್ಲಿ ಅಂಚೆ ಚೀಟಿನೂ ಬಂತು, ಅದೆಲ್ಲ ಸರಿ. ಆದ್ರೆ ಡಿಸೆಂಬರ್ ರಾತ್ರಿ ದುರ್ಗದ ಗಾಳಿಗೆ ಇವನು ಗಡಗಡ ನಡುಗ್ತಾನೆ, ನನ್ನ ಹಳೇ ಶರ್ಟ್ ಹಾಕ್ತೀನಿ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಕಟ್ಬೇಕು. ಮತ್ತೆ ಮುಧೋಳ ಅಂತ ಮಧ್ಯಾಹ್ನ ಓಡಿಸ್ತೀನಿ ಅನ್ನೋರಿಗೂ ಹೇಳ್ತೀನಿ, ಅದೂ ಬೀಳತ್ತೆ. ಅದರ ಓಟ ಎರಡು ಮೂರು ನಿಮಿಷದ್ದು, ಹತ್ತು ಕಿಲೋಮೀಟರಿಂದಲ್ಲ.

ಕಾಲುವೆ_ಓಟ
ಏಪ್ರಿಲ್ 8, ಬೆಳಗ್ಗೆ 5:58

ದುರ್ಗದಣ್ಣ, ಓದಿ ಎದೆ ಝಲ್ ಅಂತು. ಇವತ್ತು ಓಡ್ಲಿಲ್ಲ. ಮೇಷ್ಟ್ರೇ, ತಪ್ಪು ಯಾಕ್ ತಿಳೀಲಿ, ಎಳೀತಿದ್ದೋನು ನಾನೇ. ಬಾಚಣಿಗೆ ತರ್ತೀನಿ, ಒಂದು ತಿಂಗ್ಳು ನೋಡಿ ಬರೀತೀನಿ.

ದನದ_ಡಾಕ್ಟ್ರು, ಜಗಳೂರು
ಏಪ್ರಿಲ್ 8, ಬೆಳಗ್ಗೆ 7:15

ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್ ಭೀಮನ ಹೆಸರಲ್ಲೇ ಬೇರೆ ಇಟ್ಕೋ, ಮನೆಯೋರದ್ದು ಬಳಸಿ ಬೈಸ್ಕೋಬೇಡ. ಸುಮ್ನಿರುವಾಗ 101ರಿಂದ 102.5 ಫ್ಯಾರನ್‌ಹೀಟ್. ಓಡಿ ಬಂದಾಗ 104, 105 ಆದ್ರೆ ಗಾಬರಿ ಬೀಳ್ಬೇಡ, ಲ್ಯಾಬ್‌ಗಳು ಹತ್ತು ನಿಮಿಷ ಚೆಂಡು ತಂದುಕೊಟ್ರೂ 106 ಮುಟ್ಟೋದುಂಟು. ಅಂಕಿಗಿಂತ ಅದು ಇಳಿಯೋ ರೀತಿ ನೋಡು. ಕಾಲು ಗಂಟೇಲಿ ಇಳೀತಾ ಇರ್ಬೇಕು, ಕಣ್ಣು ನಿನ್ನ ಕಡೆ ಇರ್ಬೇಕು, ಕರದ್ರೆ ಏಳ್ಬೇಕು. ಇಳೀದೇ ಇದ್ರೆ, ನಡಿಗೆ ತೊಡರಿದ್ರೆ, ನೀರು ಸುರಿ, ಫೋನ್ ಆಮೇಲೆ.

ಮೋಡ ಕವಿದ ದಿನ ಹುಷಾರು. ಬಿಸಿಲಿಲ್ಲ ಅಂತ ಮೈ ಮರೀತೀಯ. ತೇಕೋದು ಕೆಲಸ ಮಾಡೋದು ನೀರು ಆವಿ ಆದ್ರೆ ಮಾತ್ರ, ಗಾಳೀಲಿ ತೇವ ತುಂಬಿದ್ರೆ ಆವಿ ಆಗೋಕೆ ಜಾಗ ಇರಲ್ಲ. ಒಣ ಏಪ್ರಿಲ್‌ಗಿಂತ ಮಳೆ ಹಿಂದಿನ ದಿನದ ಧಗೆ ನಾಯಿಗೆ ಕೆಟ್ಟದ್ದು. ಅಲ್ಲಿ ಕೂದ್ಲು ಹೆಂಗಿದ್ರೂ ಅಷ್ಟೇ.

ಕಾಲುವೆ_ಓಟ
ಮೇ 11, ರಾತ್ರಿ 8:30

ಹೇಳಿದಂಗೆ ಬಂದೆ. ಬೋಳಿಸ್ಲಿಲ್ಲ.

ಮೊದಲನೇ ವಾರ ದಿನಾ ಅರ್ಧ ಗಂಟೆ ಬಾಚಿದೆ. ಏನ್ ಹೇಳ್ಲಿ, ಬೂದಿ ಬಣ್ಣದ ಹತ್ತಿ, ಬಾಚಿದಷ್ಟೂ ಬರ್ತಾನೇ ಐತಿ, ತೊಡೆ ಹಿಂದೆ ಅಂಗೈ ಅಗಲದ ಗಂಟು ಕಟ್ಟಿತ್ತು, ನಂಗೆ ಗೊತ್ತೇ ಇರ್ಲಿಲ್ಲ, ಮೇಲಿಂದ ನೋಡಿದ್ರೆ ಮಿರಿಮಿರಿ ಮಿಂಚ್ತಿದ್ದ. ನಾಲ್ಕನೇ ದಿನಕ್ಕೆ ಬೆರಳು ಹಾಕಿದ್ರೆ ಚರ್ಮ ಸಿಗೋಕೆ ಶುರು ಆಯ್ತು. ಹೊಟ್ಟೆ ಕೆಳಗೆ ಕತ್ತರೀಲಿ ಚಿಕ್ಕದು ಮಾಡಿದೆ.

ಓಟ ಈಗ 5:15ಕ್ಕೆ, ತಲೆಗೆ ಟಾರ್ಚ್ ಕಟ್ಕೊಂಡು. ಮೂರನೇ ಕಿಲೋಮೀಟರಿಗೆ ನಿಲ್ತೀವಿ, ಎರಡು ಲೀಟರ್ ಬಾಟ್ಲು ಬೆನ್ನಿಗಿರತ್ತೆ, ಕುಡಿದು ಮಿಕ್ಕಿದ್ದು ಹೊಟ್ಟೆಗೆ ತೊಡೆ ಸಂದಿಗೆ. ಕಾಲುವೆಗೆ ಇಳಿಸಲ್ಲ, ನೀರು ಬಿಟ್ಟಾಗ ಸೆಳೆತ ಜಾಸ್ತಿ, ಸಿಮೆಂಟ್ ಇಳಿಜಾರಲ್ಲಿ ಹತ್ತಿ ಬರೋಕಾಗಲ್ಲ. ಮಾಮೂಲಿ ದಿನದ ಲೆಕ್ಕ, ಹೋಗೋ ಮುಂಚೆ 101.6, ಆರು ಕಿಮೀ ಆಗಿ ಬಂದಾಗ 104.4, ಕಾಲು ಗಂಟೆ ಬಿಟ್ಟು 102.8. ಮೊದ್ಲು ನಾಲ್ಕಕ್ಕೆ ಕೂರ್ತಿದ್ದೋನು ಆರಕ್ಕೆ ಬಂದಿದಾನೆ. ಬಾಚಿದ್ದಕ್ಕೋ ಹೊತ್ತು ಬದಲಾಯಿಸಿದ್ದಕ್ಕೋ ಮೈ ಹೊಂದ್ಕೊಂಡಿದ್ದಕ್ಕೋ ಬಿಡಿಸಿ ಹೇಳೋಕೆ ಬರಲ್ಲ, ಎಲ್ಲಾ ಒಟ್ಟಿಗೇ ಮಾಡ್ಬಿಟ್ಟೆ.

ಡಾಕ್ಟ್ರು ಹೇಳಿದ ಮೋಡದ ದಿನ ಮೊನ್ನೆ ಬಂತು. ರಾತ್ರಿ ನಾಲ್ಕು ಹನಿ ಬಿದ್ದು ಬೆಳಗ್ಗೆ ಜಿಗಿಜಿಗಿ. ಗಾಳಿ ತಣ್ಣಗೇ ಇದ್ದಂಗೆ ಇತ್ತು, ನನಗೂ ಬೆವರು ಒಣಗ್ಲಿಲ್ಲ. ಎರಡೂವರೆ ಕಿಲೋಮೀಟರಿಗೇ ಅವನ ನಾಲಿಗೆ ಪಕ್ಕಕ್ಕೆ ಜೋತಾಡ್ತು. ವಾಪಸ್ ತಿರುಗಿ ನಡ್ಕೊಂಡೇ ಬಂದ್ವಿ. ಚುಕ್ಕಿನೂ ತೇಕ್ತಿದ್ಲು ಅವತ್ತು, ಮೊದಲನೇ ಸಲ ನೋಡಿದ್ದು. ಇನ್ಮೇಲೆ ಭಾನುವಾರದ ಹತ್ತು ಕಿಲೋಮೀಟರಿಗೆ ಚುಕ್ಕಿ ಮಾತ್ರ. ಭೀಮ ಗೇಟ್ ಹತ್ರ ನಿಂತು ಬೀದಿಗೆಲ್ಲಾ ಕೇಳಂಗೆ ಅಳ್ತಾನೆ, ಅಳ್ಲಿ.

ಬಾಚಿ ತೆಗೆದ ತುಪ್ಪಳ ಅರ್ಧ ಗೋಣಿಚೀಲ ಆಗೈತಿ, ಅವ್ವ ಎಸೆಯೋಕೆ ಬಿಡ್ತಿಲ್ಲ. ಚಳ್ಳಕೆರೆ ಮೇಷ್ಟ್ರಿಗೆ ಕಳ್ಸು, ಕಂಬಳಿ ನೇಯ್ದು ಕೊಡ್ತಾರೇನೋ ಅಂತಾಳೆ.

ಚಳ್ಳಕೆರೆ_ಮೇಷ್ಟ್ರು
ಮೇ 11, ರಾತ್ರಿ 9:02

ಕಳಿಸ್ಬ್ಯಾಡ್ರಿ ಮಾರಾಯ್ರೇ, ಆ ವಾಸನೆಗೆ ನಮ್ಮ ಕುರಿ ಹಿರಿಯೂರು ತನಕ ಓಡ್ತಾವೆ.

ಮಿರ್ಚಿ_ಮಂಡಕ್ಕಿ
ಮೇ 11, ರಾತ್ರಿ 9:10

ಆ ಬಾಚಣಿಗೆ ಎಲ್ಲಿ ತಗೊಂಡಿದ್ದು ಗುರು, ನಮ್ ಅತ್ತಿಗೆ ಮನೆ ಸ್ಪಿಟ್ಜ್‌ಗೆ ಬೇಕಿತ್ತು. ನಾಳೆ ಬೋಳಿಸೋಕೆ ಅಪಾಯಿಂಟ್‌ಮೆಂಟ್ ನಾನೇ ಮಾಡ್ಸಿ ಕೊಟ್ಟಿದೀನಿ, ಕ್ಯಾನ್ಸಲ್ ಮಾಡ್ಬೇಕು.